‘ನಾಳೆ ಬಾ’ ಅಂತ ಬರೆದಿರೋದು ಯಾರ ಬಾಗಿಲ ಮೇಲೆ?



ಸ್ಕಾಲರ್‌ಶಿಪ್ ಅರ್ಜಿ ಶುರುವಾದ್ರೆ ಸಾಕು, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲಾ ಕಡೆ ಒಂದೇ ಮಾತು ಕೇಳುತ್ತೆ. "ಸರ್ವರ್ ಇಲ್ಲ, ನಾಳೆ ಬನ್ನಿ." ಮಳೆ ಬಂತು, ಕರೆಂಟ್ ಹೋಯ್ತು ಅನ್ನೋ ಹಾಗೆ ಇದನ್ನೂ ನಾವು ಒಪ್ಕೊಂಡು ಬಿಟ್ಟಿದ್ದೀವಿ. ಯಾರನ್ನೂ ಬೈಯ್ಯೋ ಹಾಗಿಲ್ಲ, ಯಾರನ್ನೂ ಕೇಳೋ ಹಾಗಿಲ್ಲ. ನಾನು ಹೇಳೋದು ಇಷ್ಟೇ: ಇದು ಮಳೆ ಅಲ್ಲ. ಯಾರೋ ಎಸಿ ರೂಮಲ್ಲಿ ಕೂತು ತಗೊಂಡ ತೀರ್ಮಾನ. ತೀರ್ಮಾನ ಅಂದ ಮೇಲೆ ಪ್ರಶ್ನೆ ಕೇಳೋ ಹಕ್ಕು ನಮಗಿದೆ.

ನಮ್ಮ ಕಡೆ ಹಳ್ಳಿಗಳಲ್ಲಿ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀತಿದ್ರು, ನೆನಪಿದೆಯಲ್ಲ? ರಾತ್ರಿ ಬಂದ ದೆವ್ವ ಅದನ್ನ ಓದ್ಕೊಂಡು ವಾಪಸ್ ಹೋಗುತ್ತೆ. ಮಾರನೇ ದಿನ ಬರುತ್ತೆ, ಮತ್ತೆ ಅದೇ ಓದುತ್ತೆ, ಮತ್ತೆ ಹೋಗುತ್ತೆ. ಆ ಬರಹದ ಜಾಣತನ ನೋಡಿ. "ಬರಬೇಡ" ಅಂದ್ರೆ ದೆವ್ವ ಜಗಳಕ್ಕೆ ನಿಲ್ಲುತ್ತೆ. "ನಾಳೆ ಬಾ" ಅಂದ್ರೆ ಜಗಳನೇ ಇಲ್ಲ, ನಾಳೆ ಅನ್ನೋದು ಬರೋದೂ ಇಲ್ಲ. ಇವತ್ತು ಸರ್ಕಾರಿ ಪೋರ್ಟಲ್‌ನ ಬಾಗಿಲ ಮುಂದೆ ನಮ್ಮ ಮಕ್ಕಳನ್ನ ಆ ದೆವ್ವದ ಜಾಗದಲ್ಲಿ ನಿಲ್ಲಿಸಿದ್ದಾರೆ.

ಕೆಲವರು ನಗ್ತಾರೆ. "ಸರ್ವರ್ ಡೌನ್ ಆದ್ರೆ ಎಲ್ರಿಗೂ ಡೌನ್. ಅದಕ್ಕೂ ಜಾತಿ ಅಂಟಿಸ್ತೀರಾ?" ಅಂತಾರೆ. ಉತ್ತರ ಕೊಡ್ತೀನಿ, ಆದ್ರೆ ಮೊದಲು ಸರ್ವರ್ ಅಂದ್ರೆ ಏನು, ಅದು "ಇಲ್ಲ" ಅನ್ನೋದು ಹೇಗೆ ಅಂತ ತಿಳ್ಕೊಳ್ಳೋಣ. ಟೆಕ್ನಿಕಲ್ ವಿಷಯ ನಮಗ್ಯಾಕೆ ಅಂತ ದಯವಿಟ್ಟು ಸ್ಕ್ರೋಲ್ ಮಾಡ್ಬೇಡಿ. ನಮಗೆ ಅರ್ಥ ಆಗಲ್ಲ ಅನ್ನೋ ನಂಬಿಕೆ ಮೇಲೇ ಈ ಆಟ ನಡೀತಿರೋದು.

ಎರಡು ಥರದ ‘ಇಲ್ಲ’

ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ಫೈಲ್ ಕಳಿಸೋಕೆ ಮೊದಲ ನಿಯಮ ಬರೆದವರು ನಮ್ಮ ದೇಶದವರೇ ಆದ ಅಭಯ್ ಭೂಷಣ್. ಕಾನ್ಪುರ ಐಐಟಿಯಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋಗಿದ್ದವರು. 1971ರ ಏಪ್ರಿಲ್‌ನಲ್ಲಿ ಅದನ್ನ ಬರೆದ್ರು. ಅದೇ ಎಫ್‌ಟಿಪಿ. 1985ರ ಅಕ್ಟೋಬರ್‌ನಲ್ಲಿ ಅದರ ಪರಿಷ್ಕೃತ ನಿಯಮ ಬಂತು, ಆರ್‌ಎಫ್‌ಸಿ 959 ಅಂತ ಅದರ ಹೆಸರು. ಅದರಲ್ಲಿ ಒಂದು ಸರಳ ವಿಷಯ ಇದೆ. ಫೈಲ್ ಹೋಗ್ಲಿಲ್ಲ ಅಂದ್ರೆ ಸರ್ವರ್ ಸುಮ್ನೆ "ಆಗ್ಲಿಲ್ಲ" ಅನ್ನೋ ಹಾಗಿಲ್ಲ. ಮೂರು ಅಂಕಿಯ ಒಂದು ನಂಬರ್ ಕೊಡಬೇಕು.

ನಂಬರ್ 4ರಿಂದ ಶುರುವಾದ್ರೆ ಅದು ತಾತ್ಕಾಲಿಕ. 421 ಅಂದ್ರೆ ಸೇವೆ ಈಗ ಇಲ್ಲ. 426 ಅಂದ್ರೆ ಮಧ್ಯದಲ್ಲೇ ಸಂಪರ್ಕ ಕಡಿದುಹೋಯ್ತು. ಅರ್ಥ: ನಿನ್ನ ಅರ್ಜಿ ಸರಿ ಇದೆ, ನನ್ನ ಹತ್ರ ಈಗ ಆಗ್ತಿಲ್ಲ, ಅದನ್ನೇ ಮತ್ತೆ ಕಳಿಸು.

5ರಿಂದ ಶುರುವಾದ್ರೆ ಅದು ಖಾಯಂ. 530 ಅಂದ್ರೆ ಲಾಗಿನ್ ಆಗಿಲ್ಲ. 550 ಅಂದ್ರೆ ಫೈಲ್ ಸಿಗ್ತಿಲ್ಲ ಅಥವಾ ಅನುಮತಿ ಇಲ್ಲ. 553 ಅಂದ್ರೆ ಆ ಹೆಸರಲ್ಲಿ ಫೈಲ್ ತಗೊಳ್ಳಲ್ಲ. ಅರ್ಥ: ಇದನ್ನೇ ನೂರು ಸಲ ಕಳಿಸಿದ್ರೂ ಆಗಲ್ಲ, ಏನೋ ಬದಲಾಗಬೇಕು.

ನ್ಯಾಯಬೆಲೆ ಅಂಗಡಿ ಲೆಕ್ಕದಲ್ಲಿ ಹೇಳೋದಾದ್ರೆ, "ಅಕ್ಕಿ ಲೋಡ್ ಇನ್ನೂ ಬಂದಿಲ್ಲ, ಸಂಜೆ ಬಾರವ್ವ" ಅನ್ನೋದು 4. "ನಿನ್ ಕಾರ್ಡು ಈ ಅಂಗ್ಡೀಲಿ ಇಲ್ಲ, ಫುಡ್ ಆಫೀಸ್‌ನಲ್ಲಿ ಬರೆಸ್ಕೊಂಡು ಬಾ" ಅನ್ನೋದು 5. ಎರಡೂ "ಇಲ್ಲ"ನೇ. ಆದ್ರೆ ಮೊದಲನೇದಕ್ಕೆ ಕಾಯಬೇಕು, ಎರಡನೇದಕ್ಕೆ ಬೇರೆ ಕಡೆ ಹೋಗಬೇಕು. ಯಾವುದು ಅಂತ ಹೇಳದೆ ಕಳಿಸಿದ್ರೆ ಆ ತಾಯಿ ಸಂಜೆ, ನಾಳೆ, ನಾಡಿದ್ದು ಅದೇ ಅಂಗಡಿ ಮುಂದೆ ನಿಂತಿರ್ತಾಳೆ.

ಆ 1985ರ ನಿಯಮದಲ್ಲಿ ಇನ್ನೊಂದು ಮಾತಿದೆ. ಖಾಯಂ ತಪ್ಪು ಅಂದ ಮಾತ್ರಕ್ಕೆ ಕಥೆ ಮುಗೀತು ಅಂತ ಅಲ್ಲ. ಮನುಷ್ಯ ಅದನ್ನ ಸರಿಪಡಿಸಿ ಆಮೇಲೆ ಮತ್ತೆ ಕೊಡಬಹುದು ಅಂತ ಅದರಲ್ಲೇ ಬರೆದಿದ್ದಾರೆ. ಉದಾಹರಣೆಗೆ ಕೊಟ್ಟಿರೋದೇನು ಗೊತ್ತಾ? ಸ್ಪೆಲಿಂಗ್ ತಿದ್ದೋದು! ನಲವತ್ತು ವರ್ಷದ ಹಿಂದೆ. ನಮ್ಮ ಮಕ್ಕಳ ಸ್ಕಾಲರ್‌ಶಿಪ್ ಇವತ್ತಿಗೂ ಸಿಕ್ಕಿಹಾಕ್ಕೊಂಡಿರೋದು ಆಧಾರ್‌ನಲ್ಲಿ ಒಂದು ಸ್ಪೆಲಿಂಗ್, ಮಾರ್ಕ್ಸ್ ಕಾರ್ಡ್‌ನಲ್ಲಿ ಇನ್ನೊಂದು ಸ್ಪೆಲಿಂಗ್ ಅನ್ನೋ ಕಡೆ.

ಕರ್ಲ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಫೈಲ್ ಕಳಿಸೋಕೆ, ತರಿಸೋಕೆ ಜಗತ್ತೆಲ್ಲ ಬಳಸೋದು. ಮತ್ತೆ ಯತ್ನಿಸು ಅಂತ ಹೇಳಿ ಕೊಟ್ರೆ, ತಾತ್ಕಾಲಿಕ ತಪ್ಪು ಬಂದಾಗ ಅದು ತಾನೇ 1 ಸೆಕೆಂಡ್ ಕಾಯುತ್ತೆ, ಮತ್ತೆ ಕಳಿಸುತ್ತೆ. ಆಗ್ಲಿಲ್ಲ ಅಂದ್ರೆ 2, ಆಮೇಲೆ 4, ಹೀಗೆ ದುಪ್ಪಟ್ಟು ಮಾಡ್ಕೊಂಡು 10 ನಿಮಿಷದವರೆಗೂ ಕಾಯ್ತಾ ಹೋಗುತ್ತೆ. ಅರ್ಧಕ್ಕೆ ನಿಂತ ಫೈಲನ್ನ ನಿಂತ ಕಡೆಯಿಂದಲೇ ಮುಂದುವರಿಸೋ ಸೌಲಭ್ಯವೂ ಇದೆ. ಖಾಯಂ ತಪ್ಪು ಬಂದ್ರೆ ಸುಮ್ನೆ ಒದ್ದಾಡದೆ ನಿಲ್ಲಿಸಿ ಹೇಳುತ್ತೆ. ಇದಕ್ಕೆ ಕೋಟಿಗಟ್ಟಲೆ ಟೆಂಡರ್ ಬೇಕಿಲ್ಲ. ಇದು ಬಿಟ್ಟಿ ಸಿಗುತ್ತೆ.

ಇಲ್ಲಿ ಎಲ್ಲಾ ಉಲ್ಟಾ

ನಮ್ಮ ಪೋರ್ಟಲ್‌ಗಳಲ್ಲಿ ಏನಾಗ್ತಿದೆ? 4ನ್ನ 5 ಮಾಡ್ತಾರೆ, 5ನ್ನ 4 ಮಾಡ್ತಾರೆ.

ಮೊದಲನೇ ಅನ್ಯಾಯ: ಖಾಯಂ ತಪ್ಪಿಗೆ "ಮತ್ತೆ ಪ್ರಯತ್ನಿಸಿ" ಅನ್ನೋದು. ಹೆಸರು ಹೊಂದ್ತಿಲ್ಲ, ಕಾಲೇಜಿನ ನೋಂದಣಿ ಸಂಖ್ಯೆ ತಾಳೆ ಆಗ್ತಿಲ್ಲ. ಇವು ನೂರು ಸಲ ಒತ್ತಿದ್ರೂ ಆಗೋವಲ್ಲ. ಆದ್ರೆ ಸ್ಕ್ರೀನ್ ಮೇಲೆ ಬರೋದು "ಏನೋ ತಪ್ಪಾಗಿದೆ, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ." ಆ ಮಗು ನಂಬುತ್ತೆ. ಕೊಣನೂರಿಂದ ಅರಕಲಗೂಡಿಗೆ ಬರುತ್ತೆ, ಹೋಗುತ್ತೆ, ಬರುತ್ತೆ. ತಪ್ಪು ಇರೋದು ಕಾಲೇಜಿನ ರಿಜಿಸ್ಟರ್‌ನಲ್ಲಿ ಅಂತ ಯಾರೂ ಹೇಳಲ್ಲ.

ಎರಡನೇದು: ತಾತ್ಕಾಲಿಕ ತಪ್ಪನ್ನ ಮರಣಶಾಸನ ಮಾಡೋದು. ಕೊನೇ ದಿನ ರಾತ್ರಿ ಸರ್ವರ್ ಉಸಿರು ಕಟ್ಟುತ್ತೆ. ಅರ್ಜಿ ಅರ್ಧಕ್ಕೆ ನಿಲ್ಲುತ್ತೆ. ಮಾರನೇ ದಿನ "ಅವಧಿ ಮುಗಿದಿದೆ." ಉಸಿರು ಕಟ್ಟಿದ್ದು ಅವರ ಯಂತ್ರಕ್ಕೆ, ವರ್ಷ ಕಳ್ಕೊಂಡಿದ್ದು ನಮ್ಮ ಹುಡುಗಿ. ಆಮೇಲೆ ಸಂಘಟನೆಗಳು ಗಲಾಟೆ ಮಾಡಿದ್ರೆ ದಿನಾಂಕ ವಿಸ್ತರಣೆ ಮಾಡ್ತಾರೆ, ಏನೋ ದಾನ ಕೊಟ್ಟ ಹಾಗೆ. ವಿಸ್ತರಿಸೋಕೆ ಆಗುತ್ತೆ ಅಂದ್ರೆ ಅದು ತಾತ್ಕಾಲಿಕ ತಪ್ಪೇ ಅಂತ ನೀವೇ ಒಪ್ಕೊಂಡ ಹಾಗಾಯ್ತಲ್ಲ? ಹಾಗಿದ್ರೆ ಅದು ಹಕ್ಕು ಆಗ್ಬೇಕು, ಕೃಪೆ ಅಲ್ಲ.

ನರೇಗಾದಲ್ಲೂ ಇದೇ ಆಯ್ತು. 2023ರ ಜನವರಿ 1ರಿಂದ ಕಾಮಗಾರಿ ಜಾಗದಲ್ಲಿ ಎನ್‌ಎಂಎಂಎಸ್ ಆ್ಯಪ್‌ನಲ್ಲೇ ಹಾಜರಿ ಅಂದ್ರು. ದಿನಕ್ಕೆ ಎರಡು ಸಲ ಫೋಟೋ, ಜಾಗದ ಗುರುತಿನ ಸಮೇತ. ಫೋಟೋ ಹೋಗ್ಲಿಲ್ಲ ಅಂದ್ರೆ ಹಾಜರಿ ಇಲ್ಲ, ಹಾಜರಿ ಇಲ್ಲ ಅಂದ್ರೆ ಕೂಲಿ ಇಲ್ಲ. ಗುಂಡಿ ತೋಡಿದ್ದು ಕಣ್ಣ ಮುಂದೆ ಇದೆ, ಮಣ್ಣು ಎತ್ತಿದ ಕೈ ಬೊಬ್ಬೆ ಬಂದಿದೆ, ಆದ್ರೆ ಫೈಲ್ ಹೋಗಿಲ್ವಲ್ಲ! ವಿಶೇಷ ಸಂದರ್ಭದಲ್ಲಿ ಕೈಯಲ್ಲಿ ಬರೆದ ಹಾಜರಿ ಹಾಕೋಕೆ ಅನುಮತಿ ಕೊಡೋ ಅಧಿಕಾರ ಜಿಲ್ಲಾ ಕಾರ್ಯಕ್ರಮ ಸಂಯೋಜಕರಿಗಿದೆ ಅಂದ್ರು. ಅಂದ್ರೆ ಒಂದು ಫೋಟೋ ಕೈಕೊಟ್ಟಿದ್ದಕ್ಕೆ ಮಲ್ಲಿಪಟ್ಟಣದ ಕೂಲಿಯಾಳಿನ ದೂರು ಹಾಸನದ ಜಿಲ್ಲಾ ಮಟ್ಟಕ್ಕೆ ಹೋಗ್ಬೇಕು. ಯಂತ್ರ 1 ಸೆಕೆಂಡಲ್ಲಿ ಮಾಡ್ಬೇಕಾದ ಕೆಲಸಕ್ಕೆ ಮನುಷ್ಯರು ಜಿಲ್ಲೆ ದಾಟ್ಬೇಕು.

ಮೂರನೇದು: ಸುಳ್ಳು ಕಾರಣ. ನರೇಗಾ ಕೂಲಿ ಖಾತೆಗೆ ಬೀಳದೆ ವಾಪಸ್ ಬಂದಾಗ "ಆಧಾರ್ ನಿಷ್ಕ್ರಿಯ" ಅಂತ ಕಾರಣ ತೋರಿಸ್ತಿತ್ತು. ಜನ ಏನು ಮಾಡ್ತಾರೆ? ಆಧಾರ್ ಸೆಂಟರ್‌ಗೆ ಓಡ್ತಾರೆ. ಅಲ್ಲಿ "ನಿಮ್ಮ ಆಧಾರ್ ಚೆನ್ನಾಗೇ ಇದೆಯಲ್ಲ" ಅಂತಾರೆ. ಲಿಬ್‌ಟೆಕ್ ಇಂಡಿಯಾದ ಸಂಶೋಧಕರು ಇದನ್ನ ಬಿಡಿಸಿ ತೋರಿಸಿದ್ರು. ಆಧಾರ್‌ಗೆ ಏನೂ ಆಗಿರ್ಲಿಲ್ಲ, ಎನ್‌ಪಿಸಿಐ ಪಟ್ಟಿಯಲ್ಲಿ ಆಧಾರ್‌ಗೂ ಬ್ಯಾಂಕ್ ಖಾತೆಗೂ ಇರೋ ಕೊಂಡಿ ತಪ್ಪಿತ್ತು. ಹೋಗ್ಬೇಕಾದ್ದು ಬ್ಯಾಂಕಿಗೆ, ಕಳಿಸಿದ್ದು ಆಧಾರ್ ಸೆಂಟರಿಗೆ. ತಪ್ಪು ಬೋರ್ಡ್ ಹಾಕಿ ದಾರಿ ತಪ್ಪಿಸಿದವರನ್ನ ಕೇಳೋರಿಲ್ಲ, ದಾರಿ ತಪ್ಪಿದವರಿಗೆ "ಅನಕ್ಷರಸ್ಥರು" ಅನ್ನೋ ಹಣೆಪಟ್ಟಿ.

ನಾಲ್ಕನೇದು: ಮೌನ. "ಅರ್ಜಿ ಯಶಸ್ವಿಯಾಗಿ ಸಲ್ಲಿಕೆಯಾಗಿದೆ" ಅಂತ ಬರುತ್ತೆ, ದುಡ್ಡು ಬರಲ್ಲ. ಮೆಟ್ರಿಕ್ ನಂತರದ ಎಸ್‌ಸಿ ಸ್ಕಾಲರ್‌ಶಿಪ್‌ನಲ್ಲಿ 2021-22ರಿಂದ ಕೇಂದ್ರದ ಪಾಲು ಶೇ. 60, ರಾಜ್ಯದ ಪಾಲು ಶೇ. 40. ರಾಜ್ಯ ತನ್ನ ಪಾಲು ಹಾಕಿದ್ದು ಖಚಿತ ಆದ ಮೇಲೆ ಕೇಂದ್ರದ ಪಾಲು ನೇರ ವಿದ್ಯಾರ್ಥಿ ಖಾತೆಗೆ. ಎರಡು ಕಂತು, ಎರಡು ದಾರಿ. ಮೊದಲನೇದು ಎಡವಿದ್ರೆ ಎರಡನೇದೂ ನಿಲ್ಲುತ್ತೆ. ಎಲ್ಲಿ ಎಡವಿತು, ಯಾಕೆ, ಮತ್ತೆ ಕಳಿಸೋರು ಯಾರು? ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಈ ಪೂಜಾರಿಗೆ ಮುಖವೂ ಇಲ್ಲ.

ಈಗ ಜಾತಿ ಪ್ರಶ್ನೆಗೆ ಬರೋಣ

ಸರ್ವರ್ ಡೌನ್ ಆದ್ರೆ ಎಲ್ರಿಗೂ ಡೌನ್. ಒಪ್ತೀನಿ. ಆದ್ರೆ "ಮತ್ತೆ ಪ್ರಯತ್ನಿಸಿ" ಅನ್ನೋದರ ಬೆಲೆ ಎಲ್ರಿಗೂ ಒಂದೇನಾ?

ಮನೇಲಿ ಲ್ಯಾಪ್‌ಟಾಪ್, ವೈಫೈ ಇರೋನು ರಾತ್ರಿ ಊಟ ಮಾಡಿ ಇನ್ನೊಂದು ಸಲ ಒತ್ತುತ್ತಾನೆ. ಅವನ ಖರ್ಚು ಸೊನ್ನೆ. ಹಿರೀಸಾವೆ ಹೋಬಳಿಯ ಕೂಲಿ ಮನೆಯ ಹುಡುಗಿ ಮತ್ತೆ ಒತ್ತಬೇಕಂದ್ರೆ ಬಸ್ ಹತ್ತಬೇಕು, ಸೈಬರ್‌ನಲ್ಲಿ ದುಡ್ಡು ಕೊಡಬೇಕು, ಜೊತೆಗೆ ಬರೋ ಅಪ್ಪನೋ ಅವ್ವನೋ ಕೂಲಿ ಬಿಡಬೇಕು. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ನಾಲ್ಕು ಸಲ ಅಲೆದ್ರೆ 1,480 ರೂಪಾಯಿ, ಬಸ್ ಚಾರ್ಜು ಬೇರೆ. ಯಂತ್ರ ಮಾಡ್ಬೇಕಾದ ಮರುಪ್ರಯತ್ನವನ್ನ ನಮ್ಮವರ ಕಾಲಿನ ಮೇಲೆ, ಕೂಲಿ ಮೇಲೆ ಹೊರಿಸಿದ್ದಾರೆ. ಬಿಟ್ಟಿ ಚಾಕರಿ ಅಂತ ಹಿಂದೆ ಏನು ಮಾಡಿಸ್ಕೊಳ್ತಿದ್ರೋ ಅದೇ ಇದು, ಹೆಸರು ಮಾತ್ರ ಡಿಜಿಟಲ್.

"ಕೊನೇ ದಿನದವರೆಗೂ ಯಾಕೆ ಕಾಯ್ತೀರಾ?" ಅಂತಲೂ ಕೇಳ್ತಾರೆ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತೆ, ನಾಡಕಚೇರಿಯಿಂದ ಹೊಸದು ಬಂದು ಆರ್‌ಡಿ ನಂಬರ್ ಸಿಗಬೇಕು. ಕಾಲೇಜಿನವರು ದಾಖಲೆಗೆ ಇ-ದೃಢೀಕರಣ ಕೊಡಬೇಕು. ಬ್ಯಾಂಕಲ್ಲಿ ಆಧಾರ್ ಜೋಡಣೆ ಆಗ್ಬೇಕು. ಮೂರು ಆಫೀಸು ತಡ ಮಾಡಿದ್ದನ್ನ ಸೇರಿಸಿ ಕೊನೇ ದಿನ ಮಾಡಿದ್ದು ಅವರು, ಬೈಸ್ಕೊಳ್ಳೋದು ನಾವು. ಕೊನೇ ದಿನ ಎಲ್ರೂ ಒಟ್ಟಿಗೆ ಬರ್ತಾರೆ ಅನ್ನೋದು ಪ್ರತಿ ವರ್ಷ ಗೊತ್ತಿರೋ ವಿಷಯ. ಗೊತ್ತಿದ್ದೂ ಸರತಿ ವ್ಯವಸ್ಥೆ ಮಾಡದೆ ಇರೋದನ್ನ ಆಕಸ್ಮಿಕ ಅಂತ ಕರೆಯೋಕೆ ಆಗುತ್ತಾ?

ನಮ್ಮ ಜಿಲ್ಲೆಗೆ ಬಾಗಿಲುಗಳ ಕಥೆ ಹೊಸದಲ್ಲ. ಹೊಳೆನರಸೀಪುರ ತಾಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದೇವಸ್ಥಾನದೊಳಗೆ ಹೋದ ದಲಿತ ಹೆಣ್ಣುಮಕ್ಕಳಿಗೆ ದಂಡ ಹಾಕಿದ್ರು. ಚನ್ನರಾಯಪಟ್ಟಣ ತಾಲೂಕಿನ ದಿಂಡಗೂರಿನಲ್ಲಿ ನಮ್ಮವರು ದೇವಸ್ಥಾನದೊಳಗೆ ಕಾಲಿಡೋಕೆ 2021ರವರೆಗೂ ಕಾಯಬೇಕಾಯ್ತು, ಅದೂ ಅಧಿಕಾರಿಗಳ ಸಮ್ಮುಖದಲ್ಲಿ. ಆ ಬಾಗಿಲು ನೇರವಾಗಿ "ನಿನಗೆ ಅನುಮತಿ ಇಲ್ಲ" ಅಂದಿತ್ತು. ನೇರವಾಗಿ ಅಂದಿದ್ದರಿಂದಲೇ ನಾವು ಬೀದಿಗೆ ಇಳಿದ್ವಿ, ಕಾನೂನು ಹಿಡಿದು ಕೇಳಿದ್ವಿ. ಪೋರ್ಟಲ್ ಹಾಗೆ ಅನ್ನಲ್ಲ. ನಯವಾಗಿ "ಆಮೇಲೆ ಪ್ರಯತ್ನಿಸಿ" ಅನ್ನುತ್ತೆ. ಕೇಸ್ ಹಾಕೋದು ಯಾರ ಮೇಲೆ? ಧರಣಿ ಕೂರೋದು ಯಾವ ಬಾಗಿಲ ಮುಂದೆ?

ಇದು ಬರೀ ಅಲೆದಾಟದ ವಿಷಯ ಅಂದ್ಕೋಬೇಡಿ. 2017ರ ಜುಲೈನಲ್ಲಿ ನಮ್ಮದೇ ರಾಜ್ಯದ ಗೋಕರ್ಣದಲ್ಲಿ ಒಂದೇ ಮನೆಯ ಮೂವರು ದಲಿತ ಅಣ್ಣತಮ್ಮಂದಿರು ತೀರಿಕೊಂಡ್ರು. ಆಧಾರ್ ಜೋಡಣೆ ಆಗಿಲ್ಲ ಅಂತ ಆ ಮನೆಗೆ ರೇಷನ್ ನಿಂತಿತ್ತು ಅಂತ ಪಿಯುಸಿಎಲ್ ಸತ್ಯಶೋಧನಾ ತಂಡ ಹೇಳಿತು. ಸರ್ಕಾರ ಇದು ಹಸಿವಿನ ಸಾವಲ್ಲ ಅಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಾರ್ಖಂಡ್‌ನ ಸಿಮ್‌ಡೇಗಾದಲ್ಲಿ 11 ವರ್ಷದ ಸಂತೋಷಿ ಕುಮಾರಿ ಸತ್ತಳು. ಆಧಾರ್ ಜೋಡಿಸಿಲ್ಲ ಅಂತ ಅವರ ಕಾರ್ಡ್ ರದ್ದಾಗಿತ್ತು. ಜೋಡಣೆ ಆಗಿಲ್ಲ ಅನ್ನೋದು ಸರಿಪಡಿಸಬಹುದಾದ ತಪ್ಪು. ಒಬ್ಬ ನೌಕರ ಮನೆಗೆ ಹೋಗಿ ಬರೆಸ್ಕೊಂಡ್ರೆ ಮುಗೀತಿತ್ತು. ಅದನ್ನ ಖಾಯಂ ತಪ್ಪು ಅಂತ ನಿರ್ಧಾರ ಮಾಡಿ ಹೆಸರು ಹೊಡೆದು ಹಾಕಿದ್ರು. ಫೇಟಲ್ ಎರರ್ ಅಂತಾರಲ್ಲ ಇಂಜಿನಿಯರ್‌ಗಳು, ಮಾರಣಾಂತಿಕ ತಪ್ಪು ಅಂತ ಅದರ ಅರ್ಥ. ಅವರಿಗೆ ಅದು ಒಂದು ಪದ. ನಮಗೆ ಅದು ಹೆಣ.

ಕಾನೂನಿಗೆ ಇದು ಗೊತ್ತಿದೆ

ಹೊಸದೇನೂ ಕೇಳ್ತಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ತೆಗೆದು ನೋಡಿ. ಸೆಕ್ಷನ್ 7(8) ಏನು ಹೇಳುತ್ತೆ? ಅರ್ಜಿ ತಿರಸ್ಕರಿಸಿದ್ರೆ ಕಾರಣ ಹೇಳಬೇಕು, ಎಷ್ಟು ದಿನದೊಳಗೆ ಮೇಲ್ಮನವಿ ಹಾಕಬಹುದು ಅಂತ ಹೇಳಬೇಕು, ಯಾರ ಹತ್ರ ಹಾಕಬೇಕು ಅಂತಲೂ ಹೇಳಬೇಕು. ಖಾಯಂ ತಪ್ಪನ್ನ ಹೇಳೋ ರೀತಿ ಅಂದ್ರೆ ಇದು. ಸೆಕ್ಷನ್ 6(3) ಇನ್ನೂ ಚೆಂದ. ಅರ್ಜಿ ತಪ್ಪು ಕಚೇರಿಗೆ ಬಂದಿದ್ರೆ ಆ ಕಚೇರಿಯೇ 5 ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಬೇಕು. ಅರ್ಜಿದಾರ ಅಲೀಬೇಕಿಲ್ಲ, ಫೈಲ್ ಅಲೀಬೇಕು.

ನಮ್ಮ ರಾಜ್ಯದ್ದೇ ಸಕಾಲ ಕಾಯ್ದೆ ಇದೆ, 2011ರದ್ದು. ಅರ್ಜಿ ಕೊಟ್ಟ ಕೂಡಲೇ ಸ್ವೀಕೃತಿ ನಂಬರ್, ಇಷ್ಟು ದಿನದೊಳಗೆ ಕೆಲಸ ಅನ್ನೋ ಗಡುವು, ತಡ ಆದ್ರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಕಾಗದದ ಅರ್ಜಿಗೆ ಇರೋ ಮರ್ಯಾದೆ ಅಪ್‌ಲೋಡ್ ಆಗದ ಅರ್ಜಿಗೆ ಯಾಕಿಲ್ಲ? ಕೌಂಟರ್‌ನಲ್ಲಿ ಅರ್ಜಿ ತಗೊಳ್ಳದೆ ವಾಪಸ್ ಕಳಿಸಿದ್ರೆ ಅದು ತಪ್ಪು ಅಂತೀವಿ. ಸ್ಕ್ರೀನ್ ವಾಪಸ್ ಕಳಿಸಿದ್ರೆ ಸಾಕ್ಷಿನೇ ಉಳಿಯಲ್ಲ.

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಗಿದ್ದು 1944ರಲ್ಲಿ. ಬಾಬಾಸಾಹೇಬರು ಆಗ ವೈಸ್‌ರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಖಾತೆ ನೋಡ್ಕೋತಿದ್ರು. ಬ್ರಿಟಿಷರ ಕಾಲದಲ್ಲಿ ಕಾದಾಡಿ ತಗೊಂಡಿದ್ದನ್ನ ಒಂದು ಎರರ್ ಮೆಸೇಜ್‌ಗೆ ಬಿಟ್ಟುಕೊಡೋಕೆ ಆಗಲ್ಲ.

ಸಿಟ್ಟು ಸರಿಯಾದ ಕಡೆ ಇರಲಿ

ಒಂದು ಮಾತು. ಗ್ರಾಮ ಒನ್‌ನಲ್ಲಿ ಕೂತ ತಮ್ಮನ ಮೇಲೆ, ನಾಡಕಚೇರಿಯ ಹೊರಗುತ್ತಿಗೆ ಆಪರೇಟರ್ ಅಕ್ಕನ ಮೇಲೆ, ಎನ್‌ಎಂಎಂಎಸ್ ಫೋಟೋ ಹೊಡೆಯೋ ಕಾಯಕಬಂಧು ಮೇಲೆ ಕೂಗಾಡಬೇಡಿ. ಅವರಿಗೂ ಬರೋದು ಅದೇ ಸ್ಕ್ರೀನ್. ಎಷ್ಟೋ ಜನ ನಮ್ಮವರೇ, ನಮ್ಮ ಹಾಗೇ ಸಂಬಳ ಕಾಯೋರು. ಕೇಳಬೇಕಾದ್ದು ಟೆಂಡರ್ ಬರೆದವರನ್ನ. ಎಷ್ಟು ಕಲರ್ ಇರಬೇಕು, ಯಾವ ಮಂತ್ರಿ ಫೋಟೋ ಇರಬೇಕು ಅಂತ ನೋಡ್ತಾರೆ. ಅಪ್‌ಲೋಡ್ ಮಧ್ಯದಲ್ಲಿ ನಿಂತ್ರೆ ಏನಾಗ್ಬೇಕು ಅಂತ ಅದರಲ್ಲಿ ಬರೆದಿದ್ದಾರಾ? ಮಾಹಿತಿ ಹಕ್ಕಲ್ಲಿ ಕೇಳೋಣ.

ನಮ್ಮ ಬೇಡಿಕೆ:

1. ಪ್ರತಿ ಎರರ್‌ಗೂ ಒಂದು ನಂಬರ್ ಮತ್ತು ಸರಳ ಕನ್ನಡದಲ್ಲಿ ಮೂರು ವಿಷಯ: ಏನಾಯ್ತು, ತಪ್ಪು ಯಾರ ಕಡೆ, ಈಗ ಎಲ್ಲಿಗೆ ಹೋಗ್ಬೇಕು. "ಏನೋ ತಪ್ಪಾಗಿದೆ" ಅನ್ನೋ ಸಾಲು ಇರಕೂಡದು.

2. ತಾತ್ಕಾಲಿಕ ತಪ್ಪಾದ್ರೆ ಮತ್ತೆ ಯತ್ನಿಸೋದು ಯಂತ್ರದ ಕೆಲಸ. ಕೊಟ್ಟ ದಾಖಲೆ ಅಳಿಸಬಾರದು, ನಿಂತ ಕಡೆಯಿಂದ ಮುಂದುವರಿಯಬೇಕು. ಮೊದಲ ಪ್ರಯತ್ನಕ್ಕೇ ಸಮಯದ ಸಮೇತ ಸ್ವೀಕೃತಿ ನಂಬರ್ ಬರಬೇಕು. ಆ ಸಮಯವೇ ಅರ್ಜಿ ಕೊಟ್ಟ ಸಮಯ. ಎರಡು ಸಲ ಹೋದ್ರೂ ಅರ್ಜಿ ಒಂದೇ ಅಂತ ಗುರುತಿಸಬೇಕು, "ಡೂಪ್ಲಿಕೇಟ್" ಅಂತ ತಿರಸ್ಕರಿಸಬಾರದು. ಸರ್ವರೇ ಪೂರ್ತಿ ಸತ್ತಿದ್ರೆ ಕಾಗದದಲ್ಲಿ ಅರ್ಜಿ ತಗೊಂಡು ಸೀಲ್ ಹಾಕಿ ಕೊಡಬೇಕು.

3. ಖಾಯಂ ತಪ್ಪಾದ್ರೆ ಕಾರಣ, ತಿದ್ದುವ ದಾರಿ, ಗಡುವು, ಮೇಲ್ಮನವಿ ಅಧಿಕಾರಿಯ ಹುದ್ದೆ. ಇಷ್ಟೂ ಇಲ್ಲದೆ ಯಾವ ಅರ್ಜಿಯೂ "ತಿರಸ್ಕೃತ" ಆಗಬಾರದು.

4. ಇಲಾಖೆಯಿಂದ ಇಲಾಖೆಗೆ ಫೈಲ್ ಹೋಗಲಿ. ತಪ್ಪು ಬ್ಯಾಂಕಿನದಾದ್ರೆ ಬ್ಯಾಂಕಿಗೆ, ಕಾಲೇಜಿನದಾದ್ರೆ ಕಾಲೇಜಿಗೆ ಪೋರ್ಟಲ್ಲೇ ಕಳಿಸಬೇಕು.

5. ತಾಲೂಕುವಾರು ಎಷ್ಟು ಅರ್ಜಿ ಯಾವ ಕಾರಣಕ್ಕೆ ಬಿದ್ದವು, ಅದರಲ್ಲಿ ಎಸ್‌ಸಿ, ಎಸ್‌ಟಿ ಮಕ್ಕಳದು ಎಷ್ಟು ಅಂತ ಪ್ರತಿ ತಿಂಗಳು ಪ್ರಕಟಿಸಬೇಕು. ನರೇಗಾದ ಸಾಮಾಜಿಕ ಲೆಕ್ಕಪರಿಶೋಧನೆ ಹಾಗೆ ಸಾಫ್ಟ್‌ವೇರ್‌ಗೂ ಗ್ರಾಮಸಭೆ ಮುಂದೆ ಲೆಕ್ಕ ಆಗ್ಬೇಕು.

6. ಸರ್ಕಾರದ ಯಂತ್ರ ಕೈಕೊಟ್ಟು ತಡ ಆದ್ರೆ ಸಕಾಲದ ಮಾದರಿಯಲ್ಲಿ ಪರಿಹಾರ.

ನಾವು ಮಾಡ್ಬೇಕಾದ್ದೂ ಇದೆ. ನಾಲ್ಕೂ ತಾಲೂಕಿನ ಗೆಳೆಯರು, ಹಾಸ್ಟೆಲ್ ಹುಡುಗರು, ಹುಡುಗೀರು ಒಂದು ನೋಟ್‌ಬುಕ್ ಇಡಿ. ಎರರ್ ಬಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೀರಿ. ತಾರೀಖು, ಗಂಟೆ, ಊರು, ಸ್ಕ್ರೀನ್ ಮೇಲೆ ಬಂದ ಮಾತು ಇದ್ದದ್ದು ಇದ್ದ ಹಾಗೆ, ಬಸ್ ಚಾರ್ಜು, ಹೋದ ಕೂಲಿ, ಎಷ್ಟನೇ ಸಲ. ಆಧಾರ್ ನಂಬರ್, ಫೋನ್ ನಂಬರ್ ಮುಚ್ಚಿ, ಮಕ್ಕಳ ಹೆಸರು ಹಾಕಬೇಡಿ. ಒಬ್ಬರದು ಗೋಳು ಅನ್ನಿಸ್ಕೊಳ್ಳುತ್ತೆ, ನೂರು ಜನರದು ದಾಖಲೆ ಆಗುತ್ತೆ. ಆ ದಾಖಲೆ ಹಿಡ್ಕೊಂಡು ಡಿಸಿ ಆಫೀಸಿಗೆ ಹೋಗೋಣ, ಸಮಾಜ ಕಲ್ಯಾಣ ಇಲಾಖೆಗೆ ಹೋಗೋಣ.

ಅಲ್ಲೂ "ನಾಳೆ ಬನ್ನಿ" ಅಂತಾರೆ. ಆಗ ಒಂದೇ ಪ್ರಶ್ನೆ ಕೇಳೋಣ: "ಸ್ವಾಮಿ, ಇದು 4ನಾ, 5ನಾ? 4 ಆದ್ರೆ ಯಾವ ದಿನ, ಎಷ್ಟು ಗಂಟೆಗೆ ಅಂತ ಬರೆದುಕೊಡಿ. 5 ಆದ್ರೆ ಕಾರಣ ಬರೆದುಕೊಡಿ." ಬರೆದು ಕೈಗೆ ಕೊಡೋವರೆಗೂ ಎದ್ದು ಬರೋದು ಬೇಡ.

ಹಾಸ್ಟೆಲ್ ಗ್ರೂಪ್‌ಗಳಿಗೆ, ಕಾಲೇಜು ಗ್ರೂಪ್‌ಗಳಿಗೆ ಶೇರ್ ಮಾಡಿ. ಓದೋಕೆ ಬಾರದವರಿಗೆ ಓದಿ ಹೇಳಿ.

ಜೈ ಭೀಮ್.

#ನಾಳೆಬಾ_ಅನ್ನಬೇಡಿ #ಕಾರಣ_ಬರೆದುಕೊಡಿ